ಒಬ್ಬರೇ ಇದ್ದಾಗ ಪ್ಲೈವುಡ್ ಶೀಟ್ ಸಾಗಿಸುವುದು ಹೇಗೆ? ಬೆನ್ನು ಉಳಿಸುವ ಸರಳ ಲೆಕ್ಕ

ಫ್ರೀಮ್ಯಾಂಟಲ್ (ಪಶ್ಚಿಮ ಆಸ್ಟ್ರೇಲಿಯಾ): ಗಲ್ಫ್‌ನಲ್ಲಿ ಹತ್ತು ಹದಿನೈದು ವರ್ಷ ಜಾಯಿನರಿಯಲ್ಲೋ ಕಟ್ಟಡದ ಸೈಟಿನಲ್ಲೋ ದುಡಿದು, ಆಮೇಲೆ ಆಸ್ಟ್ರೇಲಿಯಾದ ಪರ್ತ್, ಬ್ರಿಸ್ಬೇನ್, ಅಡಿಲೇಡ್ ಕಡೆಗೆ ಹೋಗಿ ನೆಲೆ ನಿಂತ ಕರಾವಳಿಯವರು ಇದ್ದಾರೆ. ಅಲ್ಲಿಗೆ ಹೋದ ಮೇಲೆ ಅವರಿಗೆ ಮೊದಲು ಗಮನಕ್ಕೆ ಬರುವ ಬದಲಾವಣೆಗಳಲ್ಲಿ ಒಂದು ಇದು: ಹೆಲ್ಪರ್ ಇಲ್ಲ. ದುಬೈ, ಮಸ್ಕತ್, ಕುವೈತ್‌ನ ಸೈಟಿನಲ್ಲಿ ಶೀಟ್ ಎತ್ತುವಾಗ "ಬಾ ಮಾರಾಯ, ಒಂದು ಕೈ ಹಾಕು" ಅಂದರೆ ನಾಲ್ಕು ಕೈ ಬರುತ್ತಿತ್ತು. ಆಸ್ಟ್ರೇಲಿಯಾದಲ್ಲಿ ಮನೆಯ ಗ್ಯಾರೇಜೇ ವರ್ಕ್‌ಶಾಪ್. ಹೆಂಡತಿ ಡ್ಯೂಟಿಯಲ್ಲಿ, ಮಕ್ಕಳು ಶಾಲೆಯಲ್ಲಿ. ಮಗಳ ಕಪಾಟು ಮಾಡಲಿಕ್ಕೆಂದು ತಂದ ಎಂಡಿಎಫ್ ಶೀಟ್ ಮಾತ್ರ ಟ್ರೈಲರ್ ಮೇಲೆ ಮಲಗಿರುತ್ತದೆ.

"ಒಂದೇ ಶೀಟ್ ಅಲ್ವಾ, ಎತ್ತಿಬಿಡುವ" ಅನ್ನಿಸುವುದು ಸಹಜ. ಅನುಭವ ಇರುವವರಿಗೇ ಹಾಗೆ ಹೆಚ್ಚು ಅನ್ನಿಸುತ್ತದೆ. ಆದರೆ ಒಬ್ಬರೇ ಶೀಟ್ ಸಾಗಿಸುವುದು ರಟ್ಟೆಯ ಬಲಕ್ಕಿಂತ ಹೆಚ್ಚಾಗಿ ಲೆಕ್ಕದ ವಿಷಯ. ಆ ಲೆಕ್ಕದ ಸೂತ್ರ ಒಂದೇ: ಶೀಟಿನ ಪೂರ್ತಿ ತೂಕ ಯಾವ ಕ್ಷಣದಲ್ಲೂ ಒಬ್ಬರ ಮೈಮೇಲೆ ಬರಬಾರದು. ಅದರ ಒಂದು ಅಂಚೋ ಮೂಲೆಯೋ ಯಾವಾಗಲೂ ನೆಲ, ಮೇಜು ಅಥವಾ ಚಕ್ರದ ಮೇಲೆ ಇರಬೇಕು. ಹಾಗೆ ಇರಿಸಿಕೊಳ್ಳಲು ಸಾಧ್ಯವಿಲ್ಲದಿದ್ದರೆ ಮೊದಲು ಶೀಟನ್ನೇ ಚಿಕ್ಕದು ಮಾಡಬೇಕು.

ಮೊದಲು ತೂಕ ಎಷ್ಟೆಂದು ತಿಳಿಯಿರಿ

ಊರಿನಲ್ಲೂ ಗಲ್ಫ್‌ನಲ್ಲೂ ಎಂಟಕ್ಕೆ ನಾಲ್ಕು ಅಡಿ ಎನ್ನುವ ಶೀಟಿನ ಅಳತೆ 2440 ಮಿ.ಮೀ. ಉದ್ದ, 1220 ಮಿ.ಮೀ. ಅಗಲ. ಆಸ್ಟ್ರೇಲಿಯಾದ ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುವುದು 2400ಕ್ಕೆ 1200 ಮಿ.ಮೀ. ಎರಡೂ ಹೆಚ್ಚುಕಡಿಮೆ ಮೂರು ಚದರ ಮೀಟರ್. ತೂಕ ಕಂಡುಹಿಡಿಯುವುದು ಸುಲಭ: ಉದ್ದ, ಅಗಲ, ದಪ್ಪ ಮೂರನ್ನೂ ಮೀಟರ್‌ನಲ್ಲಿ ಗುಣಿಸಿ, ಬಂದದ್ದನ್ನು ಆ ವಸ್ತುವಿನ ಸಾಂದ್ರತೆಯಿಂದ ಗುಣಿಸಬೇಕು. ಎಂಡಿಎಫ್ ಒಂದು ಘನ ಮೀಟರ್‌ಗೆ ಸುಮಾರು 730 ಕೆಜಿ ತೂಗುತ್ತದೆ. ಪಾರ್ಟಿಕಲ್ ಬೋರ್ಡ್ ಸುಮಾರು 670 ಕೆಜಿ. ಪ್ಲೈವುಡ್ ಮರದ ಜಾತಿಯ ಮೇಲೆ 500ರಿಂದ 650 ಕೆಜಿ.

ಈ ಲೆಕ್ಕದಲ್ಲಿ 2400ಕ್ಕೆ 1200ರ ಶೀಟುಗಳ ತೂಕ ಅಂದಾಜು ಹೀಗೆ ಬರುತ್ತದೆ:

- 18 ಮಿ.ಮೀ. ಎಂಡಿಎಫ್: 38 ಕೆಜಿ
- 18 ಮಿ.ಮೀ. ಪ್ಲೈವುಡ್: 26ರಿಂದ 34 ಕೆಜಿ
- 16 ಮಿ.ಮೀ. ಮೆಲಮೈನ್ ಹಾಕಿದ ಪಾರ್ಟಿಕಲ್ ಬೋರ್ಡ್: 31 ಕೆಜಿ
- 10 ಮಿ.ಮೀ. ಜಿಪ್ಸಮ್ ಬೋರ್ಡ್: 19ರಿಂದ 20 ಕೆಜಿ
- 1.2 ಮಿ.ಮೀ. ಉಕ್ಕಿನ ತಗಡು: 27 ಕೆಜಿ

ಕಿಚನ್ ಕಪಾಟು ಮಾಡುವ ಕಡೆ ಬಳಸುವ 3600ಕ್ಕೆ 1800 ಮಿ.ಮೀ. ಅಳತೆಯ ಮೆಲಮೈನ್ ಶೀಟು ಸಿಕ್ಕಿತು, ರೇಟೂ ಕಡಿಮೆ ಎಂದು ಮನೆಗೆ ತಂದರೆ ಅದರ ತೂಕ 70 ಕೆಜಿ ಹತ್ತಿರ. ಅದನ್ನು ಒಬ್ಬರು ಮುಟ್ಟಲೇಬಾರದು. ಗಾಜಿನ ಲೆಕ್ಕ ಬೇರೆ: ಒಂದು ಚದರ ಮೀಟರ್‌ಗೆ ಪ್ರತಿ ಮಿ.ಮೀ. ದಪ್ಪಕ್ಕೆ ಎರಡೂವರೆ ಕೆಜಿ. ಅಂದರೆ 6 ಮಿ.ಮೀ. ಗಾಜು ಚದರ ಮೀಟರ್‌ಗೆ 15 ಕೆಜಿ.

ಸಿಮೆಂಟ್ ಚೀಲದ ಜೊತೆ ಹೋಲಿಸಿದರೆ ಇದು ಬೇಗ ಅರ್ಥವಾಗುತ್ತದೆ. ನಮ್ಮಲ್ಲಿ ಸಿಮೆಂಟ್ ಚೀಲ 50 ಕೆಜಿ. ಆಸ್ಟ್ರೇಲಿಯಾದ ಅಂಗಡಿಗಳಲ್ಲಿ ಈಗ ಮಾರುವುದು 20 ಕೆಜಿಯ ಚೀಲ. ಅಲ್ಲಿಯವರಿಗೆ ಶಕ್ತಿ ಕಡಿಮೆ ಎಂದಲ್ಲ, ದಿನವಿಡೀ ಎತ್ತುವ ಬೆನ್ನು ಅರವತ್ತು ವರ್ಷದವರೆಗೂ ಬಾಳಬೇಕು ಎಂಬ ಲೆಕ್ಕ ಅದರ ಹಿಂದಿದೆ.

38 ಕೆಜಿ ಶೀಟು ಬೆನ್ನಿಗೆ 38 ಕೆಜಿ ಅಲ್ಲ

50 ಕೆಜಿ ಚೀಲ ಹೊತ್ತವರಿಗೆ 38 ಕೆಜಿ ಶೀಟ್ ಯಾವ ಲೆಕ್ಕ ಎಂದು ಕೇಳಬಹುದು. ವ್ಯತ್ಯಾಸ ತೂಕದಲ್ಲಿಲ್ಲ, ದೂರದಲ್ಲಿದೆ. ಚೀಲ ಮೈಗೆ ಅಂಟಿಕೊಂಡಿರುತ್ತದೆ. ಶೀಟನ್ನು ಅಡ್ಡಲಾಗಿ ಹಿಡಿದರೆ ಅದರ ನಡುಭಾಗ ಮೈಯಿಂದ 60 ಸೆಂ.ಮೀ. ಆಚೆ ಇರುತ್ತದೆ.

ಹಾರೆ ಹಾಕಿ ಕಲ್ಲು ಮೀಟುವವರಿಗೆ ಇದು ಗೊತ್ತು. ಹಾರೆಯ ಉದ್ದನೆಯ ತುದಿ ಒತ್ತಿದರೆ ಗಿಡ್ಡ ತುದಿಯಲ್ಲಿ ದೊಡ್ಡ ಕಲ್ಲೇ ಏಳುತ್ತದೆ. ಬೆನ್ನಿನಲ್ಲಿ ಇದೇ ಹಾರೆ ನಮಗೆ ವಿರುದ್ಧವಾಗಿ ಕೆಲಸ ಮಾಡುತ್ತದೆ. ಸೊಂಟದ ಹಿಂಭಾಗದ ಸ್ನಾಯುಗಳು ಬೆನ್ನುಮೂಳೆಯಿಂದ ಹಿಂದಕ್ಕೆ ಸುಮಾರು 5 ಸೆಂ.ಮೀ. ದೂರದಲ್ಲಿ ಎಳೆಯುತ್ತವೆ. ಕೈಯಲ್ಲಿರುವ ಭಾರ ಮುಂದಕ್ಕೆ 40 ಸೆಂ.ಮೀ. ದೂರದಲ್ಲಿದ್ದರೆ ಅನುಪಾತ ಎಂಟಕ್ಕೆ ಒಂದು. ಕೈಯಲ್ಲಿ 20 ಕೆಜಿ ಇದ್ದರೆ ಸ್ನಾಯು 160 ಕೆಜಿಯಷ್ಟು ಎಳೆಯಬೇಕು. ಆ ಒತ್ತಡವೆಲ್ಲ ಕೆಳಬೆನ್ನಿನ ಡಿಸ್ಕ್ ಮೇಲೆ. ಅದರ ಮೇಲೆ ಸೊಂಟ ತಿರುಗಿಸಿದರೆ ಕೆಲಸ ಕೆಟ್ಟಿತು.

ಅಮೆರಿಕದ ನಿಯೋಶ್ ಸಂಸ್ಥೆ 1991ರಲ್ಲಿ ಪರಿಷ್ಕರಿಸಿದ ಸೂತ್ರದ ಪ್ರಕಾರ, ಎಲ್ಲ ಅನುಕೂಲ ಇದ್ದಾಗಲೂ ಒಬ್ಬರು ಎತ್ತಬಹುದಾದ ಮಿತಿ 23 ಕೆಜಿ. ಭಾರ 50 ಸೆಂ.ಮೀ. ದೂರ ಹೋದರೆ ಅದು ಅರ್ಧಕ್ಕೆ, ಅಂದರೆ 11.5 ಕೆಜಿಗೆ ಇಳಿಯುತ್ತದೆ. ಆಸ್ಟ್ರೇಲಿಯಾದ ಕಾನೂನು ಇಷ್ಟೇ ಕೆಜಿ ಎಂದು ಗೆರೆ ಹಾಕಿಲ್ಲ. ತೂಕ, ಆಕಾರ, ದೂರ, ಎಷ್ಟು ಸಲ ಎತ್ತಬೇಕು ಎಲ್ಲವನ್ನೂ ನೋಡಿ ಅಪಾಯ ಕಡಿಮೆ ಮಾಡುವುದು ಕೆಲಸ ಕೊಡುವವರ ಹೊಣೆ ಎನ್ನುತ್ತದೆ. ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಈ ಹೊಸ ಸುರಕ್ಷತಾ ಕಾಯ್ದೆ 2022ರ ಮಾರ್ಚ್ 31ರಿಂದ ಜಾರಿಯಲ್ಲಿದೆ. ಆದರೆ ಸ್ವಂತ ಮನೆಗೆ ಸ್ವಂತ ಕಪಾಟು ಮಾಡುವಾಗ ಗ್ಯಾರೇಜಿನಲ್ಲಿ ಕೆಲಸ ಕೊಡುವವರೂ ನೀವೇ, ಮಾಡುವವರೂ ನೀವೇ. ತಡೆಯುವ ಫೋರ್‌ಮನ್ ಇಲ್ಲ.

ಮಂಗಳೂರಿನ ಹಳೆ ಬಂದರಿನಲ್ಲಿ ಮೂಟೆ ಹೊರುವವರನ್ನು ನೋಡಿದವರಿಗೆ ಒಂದು ವಿಷಯ ನೆನಪಿರಬಹುದು. ಹೊರುವವನು ಮೂಟೆಯನ್ನು ನೆಲದಿಂದ ತಾನೇ ಎತ್ತಿಕೊಳ್ಳುವುದಿಲ್ಲ. ಇಬ್ಬರು ಎತ್ತಿ ಅವನ ಬೆನ್ನಿಗೋ ತಲೆಗೋ ಇಡುತ್ತಾರೆ, ಅವನು ನಡೆಯುತ್ತಾನೆ ಅಷ್ಟೇ. ಹೊರುವುದಕ್ಕಿಂತ ಎತ್ತುವುದೇ ಅಪಾಯ ಎಂಬುದನ್ನು ಅವರು ಯಾವ ಪುಸ್ತಕ ಓದದೆಯೂ ತಿಳಿದಿದ್ದಾರೆ.

ಅಂಗಡಿಯಲ್ಲೇ ಕತ್ತರಿಸಿ ತನ್ನಿ

ಭಾರ ಕಡಿಮೆ ಮಾಡುವ ಮೊದಲ ಜಾಗ ಅಂಗಡಿಯೇ. ಆಸ್ಟ್ರೇಲಿಯಾದಲ್ಲಿ ಎಲ್ಲರೂ ಹೋಗುವ ಬನಿಂಗ್ಸ್ ಹಾರ್ಡ್‌ವೇರ್ ಮಳಿಗೆ ಶುರುವಾದದ್ದೇ ಪರ್ತ್‌ನಲ್ಲಿ, 1886ರಲ್ಲಿ, ಇಬ್ಬರು ಸಹೋದರರಿಂದ. ಇಂತಹ ದೊಡ್ಡ ಮಳಿಗೆಗಳಲ್ಲಿ ಗೋಡೆಗೆ ನಿಲ್ಲಿಸಿದ ಪ್ಯಾನೆಲ್ ಗರಗಸ ಇರುವ ಕಡೆ, ಕೊಂಡ ಶೀಟನ್ನು ಹೇಳಿದ ಅಳತೆಗೆ ಕತ್ತರಿಸಿಕೊಡುತ್ತಾರೆ.

ಮನೆಯಿಂದ ಹೊರಡುವಾಗಲೇ ಕಟಿಂಗ್ ಲಿಸ್ಟ್ ಬರೆದುಕೊಂಡು ಹೋಗಬೇಕು. 38 ಕೆಜಿಯ ಎಂಡಿಎಫ್ ಅನ್ನು ಉದ್ದಕ್ಕೆ ಎರಡು ಸೀಳಿದರೆ ತಲಾ 19 ಕೆಜಿ, ಅಗಲ 600 ಮಿ.ಮೀ. ಮಾತ್ರ. ಕಪಾಟಿನ ಪಕ್ಕದ ಹಲಗೆಗಳು ಹೇಗೂ 600 ಮಿ.ಮೀ. ಒಳಗೇ ಇರುತ್ತವೆ. ಅಂಗಡಿಯ ಕಟಿಂಗ್ ಮೇಲೆ ನಂಬಿಕೆ ಇಲ್ಲದವರು ಪ್ರತಿ ತುಂಡಿಗೆ 5ರಿಂದ 10 ಮಿ.ಮೀ. ಹೆಚ್ಚು ಇಟ್ಟು ಕತ್ತರಿಸಿಕೊಂಡು, ಮನೆಯಲ್ಲಿ ನಯವಾಗಿ ಅಳತೆಗೆ ತರಬಹುದು. ಗರಗಸದ ಅಲಗು ತಿನ್ನುವ 3 ಮಿ.ಮೀ. ಲೆಕ್ಕಕ್ಕೆ ಸೇರಿಸಲು ಮರೆಯಬೇಡಿ. 600ರ ಎರಡು ಪಟ್ಟಿ ಬೇಕೆಂದು ಬರೆದುಕೊಟ್ಟರೆ ಒಂದು ಸರಿ ಬಂದು ಇನ್ನೊಂದು 597 ಬರುತ್ತದೆ.

ಕತ್ತರಿಸಿದ ತುಂಡುಗಳು ಕಾರಿನೊಳಗೇ ಹಿಡಿದರೆ ಟ್ರೈಲರ್ ಬಾಡಿಗೆಯೂ ಉಳಿಯುತ್ತದೆ.

ಟ್ರೈಲರ್‌ನಿಂದ ಗ್ಯಾರೇಜಿಗೆ

ಪೂರ್ತಿ ಶೀಟೇ ಬೇಕಾದಾಗ ಕೆಲಸ ಹೀಗೆ ಸಾಗಲಿ. ಮೊದಲು ದಾರಿ ನೋಡಿ. ಮಕ್ಕಳ ಸೈಕಲ್, ಹೋಸ್ ಪೈಪ್, ಮೆಟ್ಟಿಲು, ಸ್ಪ್ರಿಂಗ್ ಬಾಗಿಲು ಎಲ್ಲ ಪಕ್ಕಕ್ಕೆ. ಶೀಟ್ ಹಿಡಿದ ಮೇಲೆ ಕಾಲ ಬುಡ ಕಾಣುವುದಿಲ್ಲ. ಕಾಲಿಗೆ ಸ್ಟೀಲ್ ಟೋ ಶೂ, ಕೈಗೆ ರಬ್ಬರ್ ಹಿಡಿತದ ಗ್ಲೌಸ್ ಇರಲಿ. ಮೆಲಮೈನ್ ಶೀಟಿನ ಅಂಚು ಬ್ಲೇಡಿನ ಹಾಗೆ ಕೊಯ್ಯುತ್ತದೆ.

ಶೀಟನ್ನು ಟ್ರೈಲರ್ ಮೇಲಿಂದ ಎತ್ತಬೇಡಿ, ಜಾರಿಸಿ. ಅರ್ಧದಷ್ಟು ಹೊರಗೆ ಬಂದಾಗ ಟ್ರೈಲರ್ ಅಂಚೇ ತಕ್ಕಡಿಯಂತಾಗುತ್ತದೆ. ಹೊರಗಿನ ತುದಿ ನಿಧಾನಕ್ಕೆ ಕೆಳಗಿಳಿದು ನೆಲಕ್ಕೆ ತಾಗುತ್ತದೆ. ನೆಲದ ಮೇಲೆ ಮೊದಲೇ ಹಳೆ ಕಾರ್ಪೆಟ್ ತುಂಡು ಹಾಕಿಟ್ಟರೆ ಮೂಲೆ ಒಡೆಯುವುದಿಲ್ಲ. ಅಲ್ಲಿಂದ ಶೀಟನ್ನು ಉದ್ದನೆಯ ಅಂಚಿನ ಮೇಲೆ ನಿಲ್ಲಿಸಿಕೊಳ್ಳಿ. ಇಷ್ಟರವರೆಗೆ ಕೈಗೆ ಬಂದದ್ದು ಹೆಚ್ಚೆಂದರೆ ಅರ್ಧ ತೂಕ. ಒಂದು ತುದಿ ನೆಲದಲ್ಲಿದ್ದು ಇನ್ನೊಂದು ತುದಿ ಎತ್ತಿದರೆ ಕೈಗೆ ಬರುವುದು ಅರ್ಧ ಭಾರ ಮಾತ್ರ. ಇದೇ ಈ ಇಡೀ ಕೆಲಸದ ಗುಟ್ಟು.

ಇನ್ನು ಸಾಗಿಸಲು ಮೂರು ದಾರಿಗಳಿವೆ.

ಒಂದು, ಚಕ್ರ. ಎಲ್ಲಕ್ಕಿಂತ ಒಳ್ಳೆಯದು ಇದೇ. ಎರಡು ಅಥವಾ ನಾಲ್ಕು ಚಕ್ರದ ಚಿಕ್ಕ ಟ್ರಾಲಿ, ನಡುವೆ ಶೀಟಿನ ಅಂಚು ಕೂರುವಷ್ಟು ಕಾಲುವೆ. ಮರದ ತುಂಡು ಮತ್ತು ಚಕ್ರ ತಂದು ಒಂದು ಸಂಜೆಯಲ್ಲಿ ಮನೆಯಲ್ಲೇ ಮಾಡಬಹುದು. ನಿಂತ ಶೀಟಿನ ಒಂದು ಮೂಲೆ ಸ್ವಲ್ಪ ಎತ್ತಿ, ಕಾಲಿನಿಂದ ಟ್ರಾಲಿಯನ್ನು ಮಧ್ಯಕ್ಕೆ ತಳ್ಳಿದರೆ ಆಯ್ತು. ಆಮೇಲೆ ಕೈಯ ಕೆಲಸ ಬೀಳದಂತೆ ಹಿಡಿಯುವುದಷ್ಟೇ. ಇಟ್ಟಿಗೆ ಹಾಸಿದ ಅಂಗಳವಾದರೆ ಗಾಳಿ ತುಂಬಿದ ದೊಡ್ಡ ಚಕ್ರವೇ ಬೇಕು. ಸಣ್ಣ ಪ್ಲಾಸ್ಟಿಕ್ ಚಕ್ರ ಸಂದಿಗೆ ಸಿಕ್ಕಿ ಶೀಟ್ ಮುಂದಕ್ಕೆ ಮುಗ್ಗರಿಸುತ್ತದೆ.

ಎರಡು, ಕೊಕ್ಕೆಯ ಹಿಡಿಕೆ. ಶೀಟಿನ ಕೆಳ ಅಂಚಿಗೆ ಸಿಕ್ಕಿಸುವ ಹಿಡಿಕೆ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಶೀಟಿನ ಸರಿಯಾದ ಮಧ್ಯದಲ್ಲಿ ನಿಂತು, ಒಂದು ಕೈಯಲ್ಲಿ ಹಿಡಿಕೆ, ಇನ್ನೊಂದು ಕೈಯನ್ನು ಮೇಲಿನ ಅಂಚಿಗೆ ಆಧಾರವಾಗಿಟ್ಟು, ಮೊಣಕಾಲು ಬಗ್ಗಿಸಿ ಎದ್ದರೆ ಭಾರ ಮೈಗೆ ಅಂಟಿಕೊಂಡಿರುತ್ತದೆ. ಆದರೆ ಇಲ್ಲಿ ಪೂರ್ತಿ ತೂಕ ಒಂದೇ ಕೈಗೆ ಬರುವುದರಿಂದ ಜಿಪ್ಸಮ್ ಬೋರ್ಡ್, ತೆಳು ಪ್ಲೈವುಡ್‌ನಂತಹ 20 ಕೆಜಿ ಆಸುಪಾಸಿನ ಹಗುರ ಶೀಟಿಗೆ ಮಾತ್ರ, ಅದೂ ನಾಲ್ಕು ಹೆಜ್ಜೆಗೆ. 38 ಕೆಜಿ ಎಂಡಿಎಫ್‌ಗೆ ಬೇಡ.

ಮೂರು, ಹಗ್ಗ. ಹಿಡಿಕೆ ಇಲ್ಲದಿದ್ದರೆ ಸುಮಾರು ಐದು ಮೀಟರ್ ಸುತ್ತಳತೆಯ ಹಗ್ಗದ ಕುಣಿಕೆ ಮಾಡಿ, ಅದನ್ನು ಶೀಟಿನ ಎರಡು ಕೆಳ ಮೂಲೆಗಳಿಗೆ ಸಿಕ್ಕಿಸಿ, ನಡುವಿನ ಭಾಗವನ್ನು ಕೈಯಲ್ಲಿ ಹಿಡಿದು ಎತ್ತಬಹುದು. ಕೈ ನೇರವಾಗಿ ಇಳಿಬಿಟ್ಟಾಗ ಶೀಟು ನೆಲದಿಂದ ಒಂದು ಗೇಣಿನಷ್ಟು ಮೇಲಿರುವಂತೆ ನಿಮ್ಮ ಎತ್ತರಕ್ಕೆ ಸರಿಯಾಗಿ ಗಂಟು ಹಾಕಿ. ಕೈಗೆ ಹಗ್ಗ ಕೊಯ್ಯದಂತೆ ಪೈಪ್ ತುಂಡು ತೊಡಿಸಿ. ತೂಕದ ಮಿತಿ ಇದಕ್ಕೂ ಅದೇ. ಹಗ್ಗವನ್ನು ಮಣಿಕಟ್ಟಿಗೆ ಸುತ್ತಿಕೊಳ್ಳಬೇಡಿ. ಶೀಟ್ ಬೀಳುವಾಗ ಕೈ ಬಿಡಿಸಿಕೊಳ್ಳಲು ಸಾಧ್ಯವಾಗಬೇಕು.

ತಲೆಯ ಮೇಲೆ ಅಡ್ಡಲಾಗಿ ಹೊತ್ತು ನಡೆಯುವುದನ್ನು ಸೈಟಿನಲ್ಲಿ ಎಷ್ಟೋ ಜನ ಮಾಡುತ್ತಾರೆ. ಕುತ್ತಿಗೆಯ ಮೂಳೆಗೆ ಅದು ಒಳ್ಳೆಯದಲ್ಲ, ಕಾಲು ಜಾರಿದರೆ ತಪ್ಪಿಸಿಕೊಳ್ಳಲು ದಾರಿಯೂ ಇರುವುದಿಲ್ಲ.

'ಡಾಕ್ಟರ್' ಬರುವ ಮೊದಲು ಕೆಲಸ ಮುಗಿಸಿ

ಫ್ರೀಮ್ಯಾಂಟಲ್ ಸ್ವಾನ್ ನದಿ ಸಮುದ್ರ ಸೇರುವ ಕಡೆ ಇರುವ ಬಂದರು ಪಟ್ಟಣ. ಅಲ್ಲಿ ಬೇಸಿಗೆಯಲ್ಲಿ, ಅಂದರೆ ನಮ್ಮ ಡಿಸೆಂಬರ್, ಜನವರಿ, ಫೆಬ್ರವರಿಯಲ್ಲಿ, ಮಧ್ಯಾಹ್ನ ಸಮುದ್ರದ ಕಡೆಯಿಂದ ಜೋರಾಗಿ ಗಾಳಿ ಬೀಸುತ್ತದೆ. ಬಿಸಿಲಿಗೆ ಬೆಂದ ಪರ್ತ್ ಜನರಿಗೆ ತಂಪು ತರುವ ಈ ಗಾಳಿಗೆ 'ಫ್ರೀಮ್ಯಾಂಟಲ್ ಡಾಕ್ಟರ್' ಎಂದೇ ಹೆಸರು. 12 ಗಂಟೆಯಿಂದ 3 ಗಂಟೆಯ ನಡುವೆ ಶುರುವಾಗಿ ಗಂಟೆಗೆ 30ರಿಂದ 37 ಕಿ.ಮೀ. ವೇಗ ಮುಟ್ಟುವುದುಂಟು. 1987ರಲ್ಲಿ ಅಮೆರಿಕಾಸ್ ಕಪ್ ಹಾಯಿದೋಣಿ ಸ್ಪರ್ಧೆ ಫ್ರೀಮ್ಯಾಂಟಲ್ ಕಡಲಿನಲ್ಲಿ ನಡೆದಾಗ ದೋಣಿಗಳನ್ನು ಓಡಿಸಿದ್ದು ಇದೇ ಗಾಳಿ.

ದೋಣಿ ಓಡಿಸುವ ಗಾಳಿ ಶೀಟನ್ನು ಬಿಟ್ಟೀತೇ? ಮೂರು ಚದರ ಮೀಟರ್ ಶೀಟ್ ಅಂದರೆ ಒಂದು ಸಣ್ಣ ಹಾಯಿ. ಗಂಟೆಗೆ 36 ಕಿ.ಮೀ. ಗಾಳಿ ಅದಕ್ಕೆ ಎದುರಾಗಿ ಬೀಸಿದರೆ ಸುಮಾರು 20 ಕೆಜಿ ಭಾರದಷ್ಟು ತಳ್ಳುತ್ತದೆ. ಗಾಳಿ ಇಮ್ಮಡಿಯಾದರೆ ಆ ಒತ್ತಡ ನಾಲ್ಕು ಪಟ್ಟಾಗುತ್ತದೆ. ಒಂದೇ ಬೀಸಿಗೆ ಮನುಷ್ಯನನ್ನೂ ತಿರುಗಿಸಿಬಿಡುತ್ತದೆ. ತೆಳುವಾದ ಹಗುರ ಶೀಟಿನಲ್ಲಿ ಈ ಅಪಾಯ ಇನ್ನೂ ಹೆಚ್ಚು.

ಆದ್ದರಿಂದ ಅಲ್ಲಿ ಶೀಟಿನ ಕೆಲಸ ಬೆಳಗ್ಗೆಯೇ ಮುಗಿಯಬೇಕು. ಗಾಳಿ ಇದ್ದಾಗ ಸಾಗಿಸಲೇಬೇಕಾದರೆ ಶೀಟಿನ ಮುಖವನ್ನು ಗಾಳಿಗೆ ಕೊಡದೆ ಅಂಚನ್ನು ಗಾಳಿಯ ಕಡೆಗೆ ತಿರುಗಿಸಬೇಕು. ಮನೆಯ ಮೂಲೆ ದಾಟುವಾಗ, ಗ್ಯಾರೇಜ್ ಶಟರ್ ಎದುರು ಬರುವಾಗ ಗಾಳಿ ಒಮ್ಮೆಲೇ ದಿಕ್ಕು ಬದಲಿಸುತ್ತದೆ, ಅಲ್ಲಿ ಒಂದು ಕ್ಷಣ ನಿಲ್ಲಬೇಕು. ಶಮಾಲ್ ಗಾಳಿ ಕಂಡಿರುವ ಗಲ್ಫ್‌ನವರಿಗೆ ಇದನ್ನು ಹೆಚ್ಚು ಹೇಳಬೇಕಿಲ್ಲ.

ಕಾರಿನ ತಲೆಯ ಮೇಲೆ ಕಟ್ಟಿ ತರುವಾಗಲೂ ಇದೇ ಗಾಳಿಯ ಲೆಕ್ಕ. ಮುಂದಿನ ಅಂಚಿನ ಅಡಿಗೆ ಗಾಳಿ ನುಗ್ಗಿದರೆ ಶೀಟ್ ಮೇಲೇಳುತ್ತದೆ. ಆಸ್ಟ್ರೇಲಿಯಾದ ಸಾಗಣೆ ನಿಯಮದಂತೆ ಕಟ್ಟಿದ ಸರಕು ಮುಂದಕ್ಕೆ ತನ್ನ ತೂಕದ ಶೇ. 80ರಷ್ಟು, ಪಕ್ಕಕ್ಕೂ ಹಿಂದಕ್ಕೂ ಶೇ. 50ರಷ್ಟು, ಮೇಲಕ್ಕೆ ಶೇ. 20ರಷ್ಟು ಬಲವನ್ನು ತಡೆದು ನಿಲ್ಲಬೇಕು. ಅಡ್ಡ ಎರಡು ಬೆಲ್ಟ್ ಹಾಕಿದರೆ ಸಾಲದು, ಮುಂದಕ್ಕೆ ಜಾರದಂತೆಯೂ ಒಂದು ತಡೆ ಬೇಕು.

ಗರಗಸದ ಮೇಜಿಗೆ ಏರಿಸುವುದು

ನೆಲದಲ್ಲಿ ನಿಂತ ಶೀಟನ್ನು ಸುಮಾರು 870 ಮಿ.ಮೀ. ಎತ್ತರದ ಟೇಬಲ್ ಸಾ ಮೇಲೆ ಏರಿಸುವ ಗಳಿಗೆಯಲ್ಲೇ ಬೆನ್ನು ಹಿಡಿದುಕೊಳ್ಳುವ ಸಂಭವ ಹೆಚ್ಚು.

ಇದಕ್ಕೆ ಸುಲಭ ಉತ್ತರ ಏರಿಸದೇ ಇರುವುದು. ನೆಲದ ಮೇಲೆ 50 ಮಿ.ಮೀ. ದಪ್ಪದ ಗಟ್ಟಿ ಫೋಮ್ ಬೋರ್ಡ್ ಹಾಸಿ, ಅದರ ಮೇಲೆ ಶೀಟ್ ಮಲಗಿಸಿ, ನೇರ ಪಟ್ಟಿ ಹಿಡಿದು ಕೈಗರಗಸದ ಮಿಷನ್‌ನಲ್ಲಿ ಅಲ್ಲೇ ಕತ್ತರಿಸಬಹುದು. ಅಲಗಿನ ಆಳವನ್ನು ಶೀಟಿನ ದಪ್ಪಕ್ಕಿಂತ 5 ಮಿ.ಮೀ. ಮಾತ್ರ ಹೆಚ್ಚು ಇಟ್ಟರೆ ಫೋಮ್ ಮೇಲೆ ಗೀರು ಬೀಳುತ್ತದೆಯೇ ಹೊರತು ನೆಲಕ್ಕೆ ತಾಗುವುದಿಲ್ಲ. ಕೆಳಗೆ ಪೂರ್ತಿ ಆಧಾರ ಇರುವುದರಿಂದ ಕತ್ತರಿಸಿದ ತುಂಡು ಬಾಗಿ ಅಲಗನ್ನು ಕಚ್ಚುವುದೂ ಇಲ್ಲ. ದೊಡ್ಡ ತುಂಡುಗಳನ್ನು ಹೀಗೆ ನೆಲದಲ್ಲೇ ಮಾಡಿಕೊಂಡು, ಚಿಕ್ಕವನ್ನು ಮಾತ್ರ ಮೇಜಿಗೆ ಒಯ್ಯಿರಿ. ಎಂಡಿಎಫ್ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು, ಮಾಸ್ಕ್ ಮತ್ತು ವ್ಯಾಕ್ಯೂಮ್ ಬಿಡಬೇಡಿ.

ಮೇಜಿಗೇ ಬೇಕು ಅನ್ನುವವರಿಗೆ ಇನ್ನೊಂದು ಲೆಕ್ಕ ಇದೆ. ಶೀಟನ್ನು ಉದ್ದನೆಯ ಅಂಚಿನ ಮೇಲೆ ನಿಲ್ಲಿಸಿ ಮೇಜಿಗೆ ಒರಗಿಸಿದರೆ ಅದರ ಭಾರದ ನಡು ಕೆಳ ಅಂಚಿನಿಂದ 600 ಮಿ.ಮೀ. ಮೇಲಿರುತ್ತದೆ, ಮೇಜಿನ ಅಂಚು 870ರಲ್ಲಿ. ಹಾಗೇ ಕೆಳ ಅಂಚು ಹಿಡಿದು ಎತ್ತಿದರೆ ಮೂರರಲ್ಲಿ ಎರಡು ಪಾಲು, ಅಂದರೆ 25 ಕೆಜಿಗೂ ಹೆಚ್ಚು ಭಾರ ಕೈಗೆ. ಅದೇ ಶೀಟಿನ ಕೆಳ ಅಂಚನ್ನು ಮೊದಲು 300 ಮಿ.ಮೀ. ಎತ್ತರದ ಗಟ್ಟಿ ಪೀಠದ ಮೇಲೆ ನಿಲ್ಲಿಸಿದರೆ ಭಾರದ ನಡು ಮೇಜಿನ ಅಂಚಿನ ಹತ್ತಿರಕ್ಕೇ ಬರುತ್ತದೆ. ಆಗ ಶೀಟ್ ತಕ್ಕಡಿಯ ಹಾಗೆ ತೂಗಿಕೊಂಡು, ಕೆಳ ಅಂಚು ಹಿಡಿದು ಎತ್ತಿದರೆ ಸುಲಭವಾಗಿ ಮಲಗುತ್ತದೆ. ಆ 300 ಮಿ.ಮೀ. ಏರಿಸುವುದು 150ರ ಎರಡು ಮೆಟ್ಟಿಲಲ್ಲಿ, ಒಂದೊಂದೇ ಮೂಲೆಯಾಗಿ. ಪ್ರತಿ ಸಲ ಕೈಗೆ ಬರುವುದು ಅರ್ಧ ತೂಕ ಮಾತ್ರ. ಪೀಠದ ಹೊರ ಅಂಚಿಗೆ ಒಂದು ಪಟ್ಟಿ ಹೊಡೆದಿರಬೇಕು, ಇಲ್ಲದಿದ್ದರೆ ಶೀಟ್ ಜಾರಿ ಕಾಲ ಮೇಲೆ ಬರುತ್ತದೆ. ಗರಗಸದ ಪ್ಲಗ್ ಕಿತ್ತಿಟ್ಟ ಮೇಲೆಯೇ ಇದೆಲ್ಲ.

ಸೀಲಿಂಗ್‌ಗೆ ಜಿಪ್ಸಮ್ ಬೋರ್ಡ್ ಹಾಕುವುದಾದರೆ ತಲೆಯಲ್ಲಿ ಒತ್ತಿ ಹಿಡಿದು ಸ್ಕ್ರೂ ಹೊಡೆಯುವ ಸಾಹಸ ಬೇಡ. ಹ್ಯಾಂಡಲ್ ತಿರುಗಿಸಿ ಬೋರ್ಡ್ ಮೇಲೇರಿಸುವ ಲಿಫ್ಟರ್ ಬಾಡಿಗೆಗೆ ಸಿಗುತ್ತದೆ.

ಗೋಡೆಗೆ ಒರಗಿಸಿಟ್ಟ ಶೀಟುಗಳೂ ಅಪಾಯವೇ

ಎತ್ತುವಾಗ ಜಾಗ್ರತೆ ವಹಿಸುವವರೂ ಇಡುವಾಗ ಮರೆಯುತ್ತಾರೆ. 18 ಮಿ.ಮೀ. ಎಂಡಿಎಫ್ ಹತ್ತು ಶೀಟು ಗೋಡೆಗೆ ಒರಗಿಸಿದರೆ ಅದು 380 ಕೆಜಿಯ ಗೋಡೆ. ಹಿಂದಿನದ್ದು ಬೇಕೆಂದು ಮುಂದಿನ ಶೀಟುಗಳನ್ನು ಪುಸ್ತಕದ ಹಾಳೆ ತಿರುಗಿಸಿದಂತೆ ಒಂದೊಂದಾಗಿ ತಮ್ಮ ಮೈಗೆ ಒರಗಿಸಿಕೊಳ್ಳುವುದು ರೂಢಿ. ನಾಲ್ಕನೆಯದೋ ಐದನೆಯದೋ ಬಂದಾಗ ಎಲ್ಲ ಭಾರ ಒಮ್ಮೆಲೇ ಈಚೆಗೆ ವಾಲುತ್ತದೆ. ಆಗ ಹಿಂದೆ ಸರಿಯಲೂ ಆಗುವುದಿಲ್ಲ, ಹಿಡಿಯಲೂ ಆಗುವುದಿಲ್ಲ. ಹಿಂದಿನ ಶೀಟು ಬೇಕಾದರೆ ಮುಂದಿನವನ್ನು ಒಂದೊಂದಾಗಿ ತೆಗೆದು ಬೇರೆ ಕಡೆ ಇಡಬೇಕು.

ಶೀಟುಗಳನ್ನು ಉದ್ದನೆಯ ಅಂಚಿನ ಮೇಲೆ ನಿಲ್ಲಿಸಿ, ಬುಡ ಗೋಡೆಯಿಂದ ಸುಮಾರು 15 ಸೆಂ.ಮೀ. ಈಚೆ ಇಟ್ಟು, ಬುಡ ಜಾರದಂತೆ ನೆಲಕ್ಕೆ ಒಂದು ಪಟ್ಟಿ, ಮೇಲೆ ಗೋಡೆಗೆ ಬೆಲ್ಟೋ ಚೈನೋ ಹಾಕಬೇಕು. ಗ್ಯಾರೇಜ್ ಮಕ್ಕಳು ಚೆಂಡು ಹುಡುಕುತ್ತಾ ಬರುವ ಜಾಗ ಎಂಬುದನ್ನು ಮರೆಯಬಾರದು. ಚೈನ್ ಹಾಕುವುದು ಅವರಿಗಾಗಿಯೇ.

ಜಾರಿತೇ? ಬಿಟ್ಟುಬಿಡಿ

ಶೀಟ್ ಕೈಜಾರಿದಾಗ ಹಿಡಿಯಲು ಹೋಗುವುದು ಸ್ವಭಾವ. ದುಡ್ಡು ಕೊಟ್ಟು ತಂದದ್ದು ಮೂಲೆ ಒಡೆದೀತು ಎಂಬ ಸಂಕಟ. ಆದರೆ ಬೀಳುತ್ತಿರುವ ಶೀಟನ್ನು ಸೊಂಟ ತಿರುಗಿಸಿ ಹಿಡಿಯುವ ಆ ಅರ್ಧ ಸೆಕೆಂಡಿನಲ್ಲೇ ಬೆನ್ನು, ಭುಜ, ಬೆರಳು ಹೋಗುತ್ತವೆ. ಎರಡು ಹೆಜ್ಜೆ ಹಿಂದೆ ಸರಿದು ಬೀಳಲು ಬಿಡಿ. ಹೊಸ ಶೀಟು ಒಬ್ಬ ಕಾರ್ಪೆಂಟರ್‌ನ ಒಂದು ದಿನದ ಸಂಬಳದೊಳಗೆ ಬರುತ್ತದೆ. ಡಿಸ್ಕ್ ಜಾರಿದರೆ ಎಷ್ಟು ದಿನದ ಸಂಬಳ ಹೋಗುತ್ತದೆ ಎಂದು ಯಾರೂ ಮೊದಲೇ ಹೇಳಲಾರರು.

ಏಟಾದರೆ ಖರ್ಚು ಯಾರದು?

ಕಂಪನಿಯ ಕೆಲಸದಲ್ಲಿ ಏಟಾದರೆ ಒಂದು ರಕ್ಷಣೆ ಇದೆ. ಯುಎಇಯಲ್ಲಿ 2021ರ 33ನೇ ಕಾರ್ಮಿಕ ಕಾನೂನಿನ ಪ್ರಕಾರ ಕೆಲಸದಲ್ಲಾದ ಗಾಯದ ಚಿಕಿತ್ಸೆಯ ಖರ್ಚು ಮಾಲೀಕರದ್ದು. ಕೆಲಸಕ್ಕೆ ಬರಲಾಗದಿದ್ದರೆ ಆರು ತಿಂಗಳವರೆಗೆ ಪೂರ್ತಿ ಸಂಬಳ, ಆಮೇಲೂ ಗುಣವಾಗದಿದ್ದರೆ ಇನ್ನಾರು ತಿಂಗಳು ಅರ್ಧ ಸಂಬಳ. ಪಶ್ಚಿಮ ಆಸ್ಟ್ರೇಲಿಯಾದಲ್ಲೂ ಕಾರ್ಮಿಕರ ಪರಿಹಾರಕ್ಕೆ ಹೊಸ ಕಾಯ್ದೆ 2024ರ ಜುಲೈ 1ರಿಂದ ಜಾರಿಯಾಗಿದೆ. ಆದರೆ ರಜೆಯ ದಿನ ಸ್ವಂತ ಗ್ಯಾರೇಜಿನಲ್ಲಿ ಸ್ವಂತ ಕಪಾಟು ಮಾಡುವಾಗ ಆದ ಏಟಿಗೆ ಇದು ಯಾವುದೂ ಅನ್ವಯಿಸುವುದಿಲ್ಲ. ಸಿಕ್ ಲೀವ್ ಇದ್ದಷ್ಟು ದಿನ ಸಂಬಳ, ಆಮೇಲೆ ಇಲ್ಲ. ಮನೆ ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ, ಊರಿಗೆ ಕಳುಹಿಸುವ ದುಡ್ಡೂ ನಿಲ್ಲಿಸುವಂತಿಲ್ಲ. ಒಂದು ಬೆನ್ನು ಎರಡು ಮನೆ ನಡೆಸುತ್ತಿರುತ್ತದೆ.

ಆಸ್ಪತ್ರೆಯ ಲೆಕ್ಕವೂ ತಿಳಿದಿರಲಿ. ಪರ್ಮನೆಂಟ್ ರೆಸಿಡೆನ್ಸಿ ಇರುವವರಿಗೆ ಮೆಡಿಕೇರ್ ಸೌಲಭ್ಯ ಇದೆ. 482 ವೀಸಾದಂತಹ ತಾತ್ಕಾಲಿಕ ವೀಸಾದಲ್ಲಿ ಇರುವ ಭಾರತೀಯರು ಸ್ವಂತ ವಿಮೆ ಮಾಡಿಸಿರಬೇಕು. ಮೆಡಿಕೇರ್ ಇದ್ದರೂ ಆಂಬುಲೆನ್ಸ್ ಖರ್ಚು ಅದರಲ್ಲಿ ಸೇರಿಲ್ಲ. ಬ್ರಿಸ್ಬೇನ್ ಇರುವ ಕ್ವೀನ್ಸ್‌ಲ್ಯಾಂಡ್ ರಾಜ್ಯದ ನಿವಾಸಿಗಳಿಗೆ ಆಂಬುಲೆನ್ಸ್ ಉಚಿತ. ಪರ್ತ್ ಮತ್ತು ಅಡಿಲೇಡ್‌ನಲ್ಲಿ ಬಿಲ್ ಬರುತ್ತದೆ, ಅದಕ್ಕೆ ಬೇರೆ ವಿಮೆ ಮಾಡಿಸಿಟ್ಟುಕೊಳ್ಳುವುದು ಒಳ್ಳೆಯದು.

ಇನ್ನೊಂದು ಮುಖ್ಯ ಮಾತು. ಮೊಮ್ಮಕ್ಕಳನ್ನು ನೋಡಲು ಊರಿಂದ ಬಂದ ಅಪ್ಪನನ್ನೋ ಮಾವನನ್ನೋ "ಸ್ವಲ್ಪ ಆ ತುದಿ ಹಿಡೀರಿ" ಎಂದು ಕರೆಯಬೇಡಿ. ಅವರೂ ಖುಷಿಯಿಂದಲೇ ಬರುತ್ತಾರೆ, ಬೇಡ ಅನ್ನುವುದಿಲ್ಲ. ಆದರೆ ಭಾರತಕ್ಕೂ ಆಸ್ಟ್ರೇಲಿಯಾಕ್ಕೂ ಪರಸ್ಪರ ಆರೋಗ್ಯ ಒಪ್ಪಂದ ಇಲ್ಲ. ವಿಸಿಟರ್ ವೀಸಾದಲ್ಲಿ ಬಂದವರಿಗೆ ಮೆಡಿಕೇರ್ ಇಲ್ಲ. ಎಪ್ಪತ್ತರ ಹಿರಿಯರು ಬಿದ್ದು ಸೊಂಟದ ಮೂಳೆ ಮುರಿದರೆ ಪೂರ್ತಿ ಬಿಲ್ ಮನೆಯವರ ತಲೆಗೆ ಬರುತ್ತದೆ. ಟ್ರಾವೆಲ್ ಇನ್ಶೂರೆನ್ಸ್ ಇದ್ದರೂ ಅದರ ಷರತ್ತು ಓದಿ ನೋಡಬೇಕು.

ಬೆನ್ನು ಹಿಡಿದರೆ ಏನು ಮಾಡಬೇಕು?

ಬರೀ ಹಿಡಿತ, ನೋವು ಆದರೆ ದಿನಗಟ್ಟಲೆ ಮಲಗಿರುವುದಕ್ಕಿಂತ ಆದಷ್ಟು ಮೆಲ್ಲಗೆ ಓಡಾಡುವುದೇ ಒಳ್ಳೆಯದು ಎಂಬುದು ಈಗಿನ ವೈದ್ಯರ ಸಲಹೆ. ಕಡಿಮೆಯಾಗದಿದ್ದರೆ ಜಿಪಿ ಅಥವಾ ಫಿಸಿಯೋ ನೋಡಬೇಕು. ಆದರೆ ಎರಡೂ ಕಾಲಿಗೆ ನೋವು ಅಥವಾ ಬಲ ಕಡಿಮೆಯಾಗುವುದು, ತೊಡೆಯ ಒಳಭಾಗ ಮತ್ತು ಕೂರುವ ಜಾಗ ಜೋಮು ಹಿಡಿಯುವುದು, ಮೂತ್ರ ಬಾರದಿರುವುದು ಅಥವಾ ತಡೆಯಲಾಗದಿರುವುದು, ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕಾಯಬಾರದು. ಬೆನ್ನಿನ ನರಗಳ ಗೊಂಚಲು ಒತ್ತಿಹೋಗಿರುವ ಸೂಚನೆ ಅದು. ತಡವಾದರೆ ಶಾಶ್ವತ ಊನ ಆಗಬಹುದು. ಆಸ್ಟ್ರೇಲಿಯಾದಲ್ಲಿ 000ಗೆ, ಯುಎಇಯಲ್ಲಿ 998ಕ್ಕೆ ಕರೆ ಮಾಡಿ.

ಇನ್ನೊಂದು ಜೊತೆ ಕೈ ಎಲ್ಲಿ ಸಿಗುತ್ತದೆ?

ಆಸ್ಟ್ರೇಲಿಯಾದಲ್ಲಿ ಇದಕ್ಕೊಂದು ಒಳ್ಳೆಯ ವ್ಯವಸ್ಥೆ ಇದೆ, 'ಮೆನ್ಸ್ ಶೆಡ್'. ಊರವರು ಸೇರಿ ನಡೆಸುವ ಮರಗೆಲಸದ ಶೆಡ್‌ಗಳು ಇವು. 1990ರ ದಶಕದಲ್ಲಿ ಶುರುವಾಗಿ ಈಗ ದೇಶದಾದ್ಯಂತ ಸಾವಿರಕ್ಕೂ ಹೆಚ್ಚಿವೆ. ನಿವೃತ್ತರೇ ಹೆಚ್ಚು, ಆದರೆ ಹೊಸಬರನ್ನೂ ಸೇರಿಸಿಕೊಳ್ಳುತ್ತಾರೆ. ಅಲ್ಲಿ ಮಿಷನ್ ಇದೆ, ಜಾಗ ಇದೆ, ಶೀಟಿನ ಇನ್ನೊಂದು ತುದಿ ಹಿಡಿಯಲು ಜನ ಇದ್ದಾರೆ. ಹೊಸ ಊರಿನಲ್ಲಿ ನಾಲ್ಕು ಜನರ ಪರಿಚಯವೂ ಆಗುತ್ತದೆ.

ಅಷ್ಟು ದೂರ ಹೋಗದೆ ಪಕ್ಕದ ಮನೆಯ ಬಾಗಿಲನ್ನೂ ತಟ್ಟಬಹುದು. ಗುರುತಿಲ್ಲದವರನ್ನು ಕೇಳುವುದು ಹೇಗೆ ಎಂಬ ಸಂಕೋಚ ನಮ್ಮವರಿಗೆ ಹೆಚ್ಚು. ಎರಡು ನಿಮಿಷದ ಕೆಲಸಕ್ಕೆ ಅಲ್ಲಿ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಅವರ ಸೋಫಾ ಸಾಗಿಸುವ ದಿನ ನೀವೂ ಒಂದು ಕೈ ಹಾಕಿದರೆ ಲೆಕ್ಕ ಚುಕ್ತಾ. ಯಾರೂ ಸಿಗದ ದಿನ ಶೀಟ್ ಟ್ರೈಲರ್ ಮೇಲೆಯೇ ಟಾರ್ಪಾಲ್ ಹೊದ್ದು ಒಂದು ರಾತ್ರಿ ಮಲಗಲಿ. ಬೆಳಗ್ಗೆ ಗಾಳಿಯೂ ಕಡಿಮೆ ಇರುತ್ತದೆ.